ಸಪ್ಪಳ ಬೇಡ, ಶಬ್ದ ಬೇಕು

ಮನೆಯ ಸಾಮಾನು — ಓಖ್ಲಾದಿಂದ

ಕಳೆದ ಸಂಚಿಕೆಯಲ್ಲಿ ಗೀಸರಿನ ವಿಷಯ ಬರೆದದ್ದನ್ನು ಓದಿ ವಾಚಕರೊಬ್ಬರು, "ಮೈಗೆ ಬಿಸಿನೀರಾಯಿತು, ಕಿವಿಗೆ ಏನು?" ಎಂದು ಕೇಳಿದ್ದಾರೆ. ಪ್ರಶ್ನೆ ಸಮಯಕ್ಕೆ ಸರಿಯಾಗಿಯೇ ಬಂದಿದೆ. ಈ ಬೇಸಗೆಯಲ್ಲಿ ನಮ್ಮ ಮನೆಯ ಹಾಡಿನ ಪೆಟ್ಟಿಗೆಗಳ ಪೈಕಿ ನಡುವಿನದು ಕಣ್ಣು ಮುಚ್ಚಿತು. ಅದರ ಜಾಗಕ್ಕೆ ಇನ್ನೊಂದನ್ನು ತರುವಷ್ಟರಲ್ಲಿ ಮೂರು ವಾರದ ಅಲೆದಾಟವಾಯಿತು. ಊರಿನಿಂದ ತಂದ ಹಾಡಿನ ತಟ್ಟೆಗಳನ್ನು ಇನ್ನೂ ಕಾಪಾಡಿಕೊಂಡು ಬಂದಿರುವ ಮನೆಗಳು ನಮ್ಮವರಲ್ಲಿ ಕಡಿಮೆಯಿಲ್ಲ. ಅಂಥವರಿಗೆ ಉಪಯೋಗವಾದೀತೆಂದು, ಆ ಅಲೆದಾಟದಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನಡುವಿನ ಪೆಟ್ಟಿಗೆ ಎಂದರೆ ಆಂಪ್ಲಿಫೈಯರು. ಕನ್ನಡದಲ್ಲಿ ಧ್ವನಿವರ್ಧಕ ಎನ್ನೋಣವೆಂದರೆ, ಆ ಮಾತು ಕೇಳಿದೊಡನೆ ಗಣೇಶನ ಚಪ್ಪರದ ಮೇಲೆ ಕಟ್ಟಿದ ತುತ್ತೂರಿಯೇ ಕಣ್ಣಮುಂದೆ ಬರುತ್ತದೆ. ಆದಕಾರಣ ಎಲ್ಲರ ಬಾಯಲ್ಲಿರುವ ಮಾತನ್ನೇ ಇಟ್ಟುಕೊಳ್ಳೋಣ. ತಟ್ಟೆ ತಿರುಗಿಸುವ ಯಂತ್ರವಾಗಲಿ ಮೊಬೈಲಾಗಲಿ ಕೊಡುವ ಸಂಕೇತ ಬಹಳ ಸೂಕ್ಷ್ಮವಾದದ್ದು. ಸ್ಪೀಕರನ್ನು ಅಲುಗಿಸುವ ಕಸುವು ಅದಕ್ಕಿಲ್ಲ. ಕೆರೆಯ ತೂಬನ್ನು ನೆನೆದುಕೊಳ್ಳಿ. ತೂಬು ಎತ್ತುವವನ ಕೈಬಲ ಅಲ್ಪ, ಹರಿಯುವ ನೀರು ಅಪಾರ. ನೀರು ಅವನ ಕೈಯಿಂದ ಬಂದದ್ದಲ್ಲ, ಕೆರೆಯದು. ಇಲ್ಲಿಯೂ ಹಾಗೆಯೇ: ಗೋಡೆಯ ಪ್ಲಗ್ಗಿನಿಂದ ಬರುವ ವಿದ್ಯುತ್ತು ಕೆರೆ, ಹಾಡಿನ ಸಂಕೇತ ಕೈ, ಆಂಪ್ಲಿಫೈಯರು ತೂಬು. ಕೈ ಆಡಿದಂತೆಯೇ ನೀರೂ ಆಡಬೇಕು. ಅಷ್ಟನ್ನು ಮಾಡಿದರೆ ಅದು ಒಳ್ಳೆಯ ಆಂಪ್ಲಿಫೈಯರು.

ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆ 10 ಅಡಿಗೆ 12 ಅಡಿ. ಧಾರವಾಡದಲ್ಲಿ ಮಾಸ್ತರರಾಗಿದ್ದ ನಮ್ಮ ತಂದೆಯವರು ಕೂಡಿಸಿಟ್ಟ ಅರವತ್ತು ಚಿಲ್ಲರೆ ಎಲ್.ಪಿ. ತಟ್ಟೆಗಳು ಆ ಕೋಣೆಯಲ್ಲಿವೆ. ಅವರು ತೀರಿಕೊಂಡ ಮೇಲೆ ಸಂಪರ್ಕ ಕ್ರಾಂತಿ ರೈಲಿನಲ್ಲಿ ಅವ್ವನೂ ತಟ್ಟೆಗಳೂ ಜೊತೆಯಾಗಿಯೇ ನಿಜಾಮುದ್ದೀನಿಗೆ ಬಂದಿಳಿದರು. ಅವ್ವನಿಗೆ ಹಿಂದಿ ಬಾರದು. ಬೆಳಗ್ಗೆ ಒಂಬತ್ತಕ್ಕೆ ನಾನೂ ನಮ್ಮ ಮನೆಯಾಕೆಯೂ ಕೆಲಸಕ್ಕೆ ಹೊರಟರೆ, ಮೊಮ್ಮಗ ಶಾಲೆಯಿಂದ ಬರುವ ತನಕ ಅವಳ ಕಿವಿಗೆ ಕನ್ನಡ ಬೀಳುವುದು ಆ ತಟ್ಟೆಗಳಿಂದ ಮಾತ್ರ: ಭೀಮಸೇನ ಜೋಶಿಯವರ ದಾಸರ ಪದ, ಮಲ್ಲಿಕಾರ್ಜುನ ಮನ್ಸೂರರ ವಚನ, ಕಾಳಿಂಗರಾಯರ ಭಾವಗೀತೆ. ಮಧ್ಯಾಹ್ನ ಮೊಮ್ಮಗ ಹಳೆಯ ಮೊಬೈಲಿನಲ್ಲಿ ಆಕಾಶವಾಣಿಯ ಧಾರವಾಡ ಕೇಂದ್ರವನ್ನು ಹಚ್ಚಿಕೊಡುತ್ತಾನೆ. 1950ರ ಜನವರಿಯಲ್ಲಿ ಆರಂಭವಾದ ಆ ಕೇಂದ್ರವನ್ನು ಈಗ ಇಂಟರ್ನೆಟ್ಟಿನ ಮೂಲಕ ಯಮುನೆಯ ದಂಡೆಯಲ್ಲಿ ಕೂತೂ ಕೇಳಬಹುದು.

ಪೆಟ್ಟಿಗೆ ಮೂಕವಾದ ಮೇಲೆ ಅವ್ವ ಒಂದು ಮಾತೂ ಆಡಲಿಲ್ಲ. ಮುಂದಿನ ಕೋಣೆಗೆ ಬಂದು ಕೂರುವುದನ್ನು ಬಿಟ್ಟಳು, ಅಷ್ಟೇ. ಊಟ ಅರ್ಧವಾಯಿತು. "ಎಂಥಾದ್ದು ತರಲಿ?" ಎಂದು ನಾನು ಕೇಳಿದಾಗ ಅವಳೆಂದದ್ದು ಇಷ್ಟು: "ಸಪ್ಪಳ ಜಾಸ್ತಿ ಬ್ಯಾಡಪಾ. ಶಬ್ದ ತಿಳದ್ರ ಸಾಕು." ನಮ್ಮ ಕಡೆ ಸಪ್ಪಳವೆಂದರೆ ಸದ್ದು, ಶಬ್ದವೆಂದರೆ ಪದ. ಈ ಮಾತನ್ನು ಗಂಟು ಕಟ್ಟಿಕೊಂಡು ಅಂಗಡಿಗೆ ಹೋದವನನ್ನು ಯಾವ ಜಾಹೀರಾತೂ ಅಡ್ಡದಾರಿಗೆ ಎಳೆಯಲಾರದೆಂದು ನನ್ನ ನಂಬಿಕೆ.

ಮೊದಲು ನಾಡಿ ನೋಡಿ

ಹೊಸದನ್ನು ಕೊಳ್ಳುವ ಮುನ್ನ ಹಳೆಯದಕ್ಕೆ ನಿಜವಾಗಿಯೂ ಪ್ರಾಣ ಹೋಗಿದೆಯೇ ಎಂದು ನೋಡತಕ್ಕದ್ದು. ಒಂದು ಸ್ಪೀಕರು ಮಾತ್ರ ಸುಮ್ಮನಾಗಿದ್ದರೆ, ಪೆಟ್ಟಿಗೆಯನ್ನು ಆರಿಸಿ, ಅದರ ಬೆನ್ನಿನಲ್ಲಿರುವ ಎಡಬಲದ ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿ. ಮೌನವು ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಆಂಪ್ಲಿಫೈಯರಿನಲ್ಲಿದೆ, ಇಲ್ಲವೆ ಅದಕ್ಕೂ ಹಿಂದಿದೆ. ಮೊದಲಿನ ಸ್ಪೀಕರಿನಲ್ಲೇ ಉಳಿದರೆ ಆ ಸ್ಪೀಕರನ್ನೋ ಅದರ ತಂತಿಯನ್ನೋ ನೋಡಬೇಕು. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಒಳಗೆ ಧೂಳು ಸೇರಿದೆ. ಶುದ್ಧ ಮಾಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದು ಕಡೆಯ ಹಾಡು ನಿಂತು, ಧ್ವನಿ ಏರಿಸಿದೊಡನೆ ಮರಳಿ ಬಂದರೆ, ರಿಲೇ ಎಂಬ ಒಳಗಿನ ಸಣ್ಣ ಸ್ವಿಚ್ಚಿನ ಮೈಗೆ ಮಾಸಲು ಹಿಡಿದಿರುವುದು ಸಾಮಾನ್ಯ. ಇವೆಲ್ಲ ನೆಗಡಿ ಕೆಮ್ಮಿನಂಥ ರೋಗಗಳು. ಇವಕ್ಕಾಗಿ ಹೊಸ ಪೆಟ್ಟಿಗೆ ಕೊಳ್ಳುವುದು ನೆಗಡಿಯೆಂದು ಮೂಗು ಕೊಯ್ದಂತೆ.

ಫ್ಯೂಸ್ ಹೋಗಿದ್ದರೆ ಅದೇ ಅಳತೆಯದನ್ನೇ ಹಾಕಬೇಕು. ತಂತಿಯ ಎಳೆ ಸುತ್ತಿ ಕೆಲಸ ಸಾಗಿಸುವ ಚತುರರು ನಮ್ಮಲ್ಲಿ ಬಹಳ. ಆ ಚತುರತೆಯಿಂದ ಮನೆಗೆ ಬೆಂಕಿ ಬೀಳಬಹುದು. ಪೆಟ್ಟಿಗೆಯ ಮುಚ್ಚಳವನ್ನು ನಾವೇ ಬಿಚ್ಚುವುದೂ ಬೇಡ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ಈ ಕೆಪಾಸಿಟರುಗಳಿಗೆ ದಿಲ್ಲಿಯ ಬೇಸಗೆಯೇ ಶತ್ರು. ಒಳಗಿನ ಶಾಖ 10 ಡಿಗ್ರಿ ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ಆ ಕಸುಬಿನವರ ಲೆಕ್ಕ. ಹೊರಗೇ 45 ಡಿಗ್ರಿ ಇರುವಾಗ ಪೆಟ್ಟಿಗೆಯೊಳಗಿನ ಪಾಡೇನು? ನಮ್ಮದರಲ್ಲಿ ರೋಗ ಇನ್ನೂ ಆಳವಾಗಿತ್ತು. ಹಳೆಯ ಅನೇಕ ಜಪಾನೀ ಪೆಟ್ಟಿಗೆಗಳಲ್ಲಿ ಶಕ್ತಿ ಕೊಡುವ ಭಾಗವೆಲ್ಲ ಎಸ್.ಟಿ.ಕೆ. ಎಂಬ ಒಂದೇ ಬಿಲ್ಲೆಯಲ್ಲಿ ಅಡಕವಾಗಿರುತ್ತದೆ. ಸ್ಯಾನ್ಯೋ ಕಂಪನಿ ಮಾಡುತ್ತಿದ್ದ ಆ ಬಿಲ್ಲೆಗಳಲ್ಲಿ ಹಳೆಯ ನಮೂನೆಗಳು ನಿಂತುಹೋಗಿವೆ. ಅದೇ ಹೆಸರು ಹೊತ್ತ ನಕಲಿಗಳು ಬಜಾರಿನಲ್ಲಿ ಸಿಗುತ್ತವೆ. "ಹಾಕಿಕೊಡುತ್ತೇನೆ, ಆದರೆ ಭರವಸೆ ಕೊಡಲಾರೆ" ಎಂದ ರಿಪೇರಿಯವನ ಪ್ರಾಮಾಣಿಕತೆಗೆ ನಮಸ್ಕಾರ. ರಿಪೇರಿಯ ಖರ್ಚು ಹೊಸದರ ಅರ್ಧ ಬೆಲೆಯನ್ನು ದಾಟಿದರೆ ಹಳೆಯದಕ್ಕೆ ಕೈಮುಗಿಯಬೇಕೆಂಬುದು ನಾನು ಹಾಕಿಕೊಂಡ ನಿಯಮ.

ವ್ಯಾಟಿನ ಲೆಕ್ಕ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ವ್ಯಾಟು. "ಇದು ನೂರು ವ್ಯಾಟು, ಅದು ಇನ್ನೂರು" ಎಂದು ಅಕ್ಕಿಯ ಮೂಟೆ ತೋರಿಸಿದಂತೆ ತೋರಿಸುತ್ತಾರೆ. ಗುಮಾಸ್ತನಾದವನು ಇಲ್ಲಿ ಪೆನ್ಸಿಲು ತೆಗೆಯಬೇಕು.

ಸ್ಪೀಕರಿನ ಬೆನ್ನಿನ ಮೇಲೋ ಅದರ ಕಾಗದದಲ್ಲೋ 87 ಡೆಸಿಬೆಲ್ ಎಂಬಂಥ ಒಂದು ಅಂಕೆ ಇರುತ್ತದೆ. ಒಂದು ವ್ಯಾಟು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಧ್ವನಿ ಬರುತ್ತದೆಂದು ಅದರ ಅರ್ಥ. ನಾವು ಎದುರುಬದುರು ಕೂತು ಮಾತಾಡುವುದು ಸುಮಾರು 60 ಡೆಸಿಬೆಲ್. ವ್ಯಾಟು ಎರಡರಷ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ವ್ಯಾಟು ಸುಮಾರು ಹತ್ತರಷ್ಟಾಗಬೇಕು. ಅಂದರೆ 50 ವ್ಯಾಟಿನದನ್ನು ಬಿಟ್ಟು 100 ವ್ಯಾಟಿನದಕ್ಕೆ ಹೆಚ್ಚು ಹಣ ತೆತ್ತವನಿಗೆ ಸಿಗುವುದು ಅದೇ 3 ಡೆಸಿಬೆಲ್. ಪಕ್ಕದ ಮನೆಯ ಕುಕ್ಕರಿನ ಸೀಟಿಯಲ್ಲಿ ಅದು ಮುಳುಗಿಹೋಗುತ್ತದೆ.

ನಮ್ಮ ಕೋಣೆಯ ಲೆಕ್ಕವನ್ನೇ ಹಾಕೋಣ. ಕೂತಲ್ಲಿಗೆ 70 ಡೆಸಿಬೆಲ್ ಬಂದರೆ ಹಾಡು ತುಂಬಿ ಕೇಳುತ್ತದೆ. ತಬಲಾದ ಪೆಟ್ಟು, ತಾರಸ್ಥಾಯಿಗೆ ಹಾರುವ ತಾನು ಇದಕ್ಕಿಂತ 20 ಡೆಸಿಬೆಲ್ ಮೇಲೆ ಹೋಗುತ್ತವೆಂದುಕೊಳ್ಳಿ. ಆಗ 90 ಆಯಿತು. ಸ್ಪೀಕರಿನಿಂದ ಕುರ್ಚಿಗೆ ಬರುವ ದಾರಿಯಲ್ಲಿ ಐದಾರು ಡೆಸಿಬೆಲ್ ಸೋರಿಹೋಗುತ್ತದೆಂದು ಹಿಡಿದರೆ, ಸ್ಪೀಕರು ಕೊಡಬೇಕಾದದ್ದು 96. 87ಕ್ಕೆ ಒಂದು ವ್ಯಾಟು, 90ಕ್ಕೆ ಎರಡು, 93ಕ್ಕೆ ನಾಲ್ಕು, 96ಕ್ಕೆ ಎಂಟು. ಎಂಟೇ ವ್ಯಾಟು! ತೊಡಕಿಗೆ ಇರಲೆಂದು ನಾಲ್ಕು ಪಾಲು ಮಾಡಿದರೂ 32. ಆದ್ದರಿಂದ 30–40 ನಿಜವಾದ ವ್ಯಾಟು ಕೊಡುವ ಪೆಟ್ಟಿಗೆ ನಮ್ಮಂಥವರ ಮನೆಗೆ ಧಾರಾಳ.

'ನಿಜವಾದ' ಎಂದದ್ದಕ್ಕೆ ಕಾರಣವಿದೆ. 1990ರ ದಶಕದಲ್ಲಿ ಅಂಗೈಯಗಲದ ಸ್ಪೀಕರಿನ ಮೇಲೆಯೂ ಸಾವಿರಗಟ್ಟಲೆ 'ಪಿ.ಎಂ.ಪಿ.ಒ.' ವ್ಯಾಟು ಅಚ್ಚಾಗಿರುತ್ತಿದ್ದುದನ್ನು ನೀವೂ ಕಂಡಿರಬಹುದು. ಅದಕ್ಕೆ ಒಪ್ಪಿತವಾದ ಅಳತೆಯೇ ಇರಲಿಲ್ಲ. ಕೇಳಬೇಕಾದ್ದು ಆರ್.ಎಂ.ಎಸ್. ವ್ಯಾಟು, ಅದೂ 8 ಓಮಿಗೆ ಎಷ್ಟು, ಎರಡೂ ಕಡೆ ಒಟ್ಟಿಗೆ ನಡೆದಾಗ ಎಷ್ಟು ಎಂದು. ಓಮೆಂಬುದು ಸ್ಪೀಕರು ಒಡ್ಡುವ ತಡೆ. ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರಿನಿಂದ ಹೆಚ್ಚು ವಿದ್ಯುತ್ತು ಹರಿದು ಪೆಟ್ಟಿಗೆ ಕಾಯುತ್ತದೆ. ಆದಕಾರಣ ನಿಮ್ಮ ಸ್ಪೀಕರಿನ ಓಮು ಆಂಪ್ಲಿಫೈಯರಿನ ಬೆನ್ನಿನ ಮೇಲೆ ಬರೆದ ಮಿತಿಯೊಳಗಿದೆಯೇ ಎಂದು ನೋಡಿಯೇ ಹಣ ಎಣಿಸಬೇಕು.

ಓಖ್ಲಾದವನಿಗೆ ಆಂಪ್ಲಿಫೈಯರಿನ ಬರವೇ?

ನಮ್ಮ ಮೇಲಿನ ಮಹಡಿಯ ರಾಯರು ನನ್ನ ಅಲೆದಾಟ ನೋಡಿ ನಕ್ಕರು. "ಅಲ್ರೀ, ಅಹುಜಾ ಕಂಪನಿ ನಮ್ಮ ಓಖ್ಲಾದಲ್ಲೇ ಇದೆ. ದೇಶದ ಗುಡಿ, ಶಾಲೆ, ಸಭೆಗಳಿಗೆಲ್ಲ ಆಂಪ್ಲಿಫೈಯರು ಇಲ್ಲಿಂದ ಹೋಗುತ್ತದೆ. ನೀವು ಚಾಂದನಿ ಚೌಕಕ್ಕೆ ಹೋಗುತ್ತೀರಾ?" ಎಂದರು. ಮಾತಿನಲ್ಲಿ ಸತ್ಯವಿದೆ. 1940ರಲ್ಲಿ ಹುಟ್ಟಿದ ಆ ಸಂಸ್ಥೆಯ ಹೆಸರಿರುವ ಪೆಟ್ಟಿಗೆಯನ್ನು ಕಾಣದ ಊರಿಲ್ಲ; ನಮ್ಮ ಹಳ್ಳಿಯ ಜಾತ್ರೆಯಲ್ಲೂ ಅದೇ ಇತ್ತು.

ಆದರೆ ಸಭೆಯ ಆಂಪ್ಲಿಫೈಯರಿನ ಧರ್ಮವೇ ಬೇರೆ. ದೂರದೂರಕ್ಕೆ ಹತ್ತಾರು ಸ್ಪೀಕರು ಕಟ್ಟಬೇಕಾದಾಗ ತಂತಿಯಲ್ಲೇ ಶಕ್ತಿ ಸೋರಿಹೋಗದಂತೆ 100 ವೋಲ್ಟಿನಷ್ಟು ಎತ್ತರದಲ್ಲಿ ಸಂಕೇತವನ್ನು ಕಳಿಸಿ, ಪ್ರತಿಯೊಂದು ಸ್ಪೀಕರಿನ ಬಳಿಯೂ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿಕೊಳ್ಳುತ್ತಾರೆ. ಊರಿಗೆ ಹೈಟೆನ್ಷನ್ ಕಂಬಗಳಲ್ಲಿ ವಿದ್ಯುತ್ತು ಬರುವ ಉಪಾಯವೇ ಇದು. ಅಲ್ಲಿ ಮುಖ್ಯವಾದದ್ದು ಭಾಷಣ ಕೊನೆಯ ಸಾಲಿನವರಿಗೂ ಮುಟ್ಟುವುದು. ಎಡಬಲದ ಭೇದ ಅಲ್ಲಿ ಬೇಕಾಗಿಯೂ ಇಲ್ಲ. ಮೈಕಿಗೆಂದು ಕೊಟ್ಟ ತೂತಿಗೆ ತಟ್ಟೆಯ ಯಂತ್ರವನ್ನು ಸಿಕ್ಕಿಸಿದರೆ ಹಾಡು ಸರಿಯಾಗಿ ಬಾರದು. ಮದುವೆಯ ಹಂಡೆಯಲ್ಲಿ ಇಬ್ಬರಿಗೆ ಕಾಫಿ ಕಾಸಿದಂತಾದೀತು. ಹಂಡೆಯಲ್ಲಿ ದೋಷವಿಲ್ಲ, ಮನೆಗೆ ಬೇಕಾದದ್ದು ಪಾತ್ರೆ.

ಪುಟ್ಟ ಪೆಟ್ಟಿಗೆ, ಮನೆಯಾಕೆಯ ವಾದ

ನಮ್ಮ ಮನೆಯಾಕೆಯ ವಾದ ಇನ್ನೊಂದು ದಿಕ್ಕಿನದು. "ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ? ತೆಂಗಿನಕಾಯಿಯಷ್ಟಿರುವ ಬ್ಲೂಟೂತ್ ಸ್ಪೀಕರು ತಂದರೆ ಜಾಗವೂ ಉಳಿಯಿತು, ದುಡ್ಡೂ ಉಳಿಯಿತು." ಧೂಳು ಒರೆಸುವವಳು ಅವಳಾದ್ದರಿಂದ ವಾದಕ್ಕೆ ತೂಕವಿದೆ. ಹೊಸದಾಗಿ ಸಂಸಾರ ಹೂಡಿ, ತಟ್ಟೆ ಸಿ.ಡಿ. ಯಾವುದೂ ಇಲ್ಲದವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಮೊಬೈಲು ನನ್ನ ಜೇಬಿನಲ್ಲಿ ಕಚೇರಿಗೆ ಹೋದ ಮೇಲೆ ಆ ತೆಂಗಿನಕಾಯಿಯೊಡನೆ ಅವ್ವ ಏನು ಮಾಡಬೇಕು? ಅರವತ್ತು ತಟ್ಟೆಗಳನ್ನು ಏನು ಮಾಡಬೇಕು? ಇದನ್ನು ಕೇಳಿ ಅವಳೇ, "ಹಾಗಾದರೆ ಅತ್ತೆಯವರು ತಾವೇ ನಡೆಸಿಕೊಳ್ಳುವಂಥದ್ದು ತನ್ನಿ" ಎಂದು ತೀರ್ಪು ಕೊಟ್ಟಳು.

ನಡುವೆ ಮೂರನೆಯ ದಾರಿಯೊಂದಿದೆ. ಅಂಗೈಯಗಲದ 'ಕ್ಲಾಸ್ ಡಿ' ಆಂಪ್ಲಿಫೈಯರುಗಳು ಚೀನದಿಂದ ಬರುತ್ತಿವೆ. ಹಳೆಯ ರೀತಿಯವು ಎಳೆದ ವಿದ್ಯುತ್ತಿನಲ್ಲಿ ಬಹುಭಾಗವನ್ನು ಶಾಖವಾಗಿ ಕಳೆಯುತ್ತವೆ. ಇವು ಬಹಳ ಕಡಿಮೆ ಕಾಯುತ್ತವೆ. ದಿಲ್ಲಿಗೆ ಇದು ಒಳ್ಳೆಯ ಗುಣವೇ. ಆದರೆ ಪೆಟ್ಟಿಗೆಯ ಮೇಲಿನ ಅಂಕೆಯನ್ನು ನಂಬುವ ಮುನ್ನ ಜೊತೆಗೆ ಕೊಟ್ಟ ಅಡಾಪ್ಟರನ್ನು ನೋಡಿ. ಕೆರೆಯಲ್ಲಿ ನೀರಿಲ್ಲದೆ ತೂಬು ಎಷ್ಟು ಅಗಲವಿದ್ದರೇನು? ಅಡಾಪ್ಟರಿನ ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮಿನ ಎರಡರಷ್ಟರಿಂದ ಭಾಗಿಸಿದರೆ, ಒಂದು ಕಡೆಗೆ ಹೆಚ್ಚೆಂದರೆ ಎಷ್ಟು ವ್ಯಾಟು ಶುದ್ಧವಾಗಿ ಬಂದೀತೆಂದು ಹೊಳೆಯುತ್ತದೆ. 12 ವೋಲ್ಟಿನದಾದರೆ 144ನ್ನು 16ರಿಂದ ಭಾಗಿಸಿ. 8 ಓಮಿಗೆ 9 ವ್ಯಾಟು. 24 ವೋಲ್ಟಿನದಾದರೆ 36. ಮೇಲೆ '100 ವ್ಯಾಟು' ಎಂದು ಬರೆದಿದ್ದರೂ ಅಷ್ಟೇ. ಬೆಳ್ಳಗಿರುವುದೆಲ್ಲ ಹಾಲಲ್ಲ.

ತಟ್ಟೆಯ ಪಿಸುಮಾತು

ತಟ್ಟೆ ಕೇಳುವವರು ಮರೆಯಬಾರದ ಸಂಗತಿಯೊಂದಿದೆ. ಸಿ.ಡಿ. ಯಂತ್ರ ಕೊಡುವ ಸಂಕೇತ 2 ವೋಲ್ಟಿನಷ್ಟಿದ್ದರೆ, ತಟ್ಟೆಯ ಮುಳ್ಳು ಕೊಡುವುದು ಸಾಮಾನ್ಯವಾಗಿ 3ರಿಂದ 5 ಮಿಲಿವೋಲ್ಟು. ನೂರಾರು ಪಾಲು ಕಡಿಮೆ. ಇದಲ್ಲದೆ, ತಟ್ಟೆ ಕೊರೆಯುವಾಗಲೇ ಮಂದ್ರದ ನಾದವನ್ನು ತಗ್ಗಿಸಿ, ತಾರದ ನಾದವನ್ನು ಹಿಗ್ಗಿಸಿ ಕೊರೆದಿರುತ್ತಾರೆ. ನುಡಿಸುವಾಗ ಅದನ್ನು ತಿರುಗುಮುರುಗು ಮಾಡಿ ಮೊದಲಿನ ರೂಪಕ್ಕೆ ತರಬೇಕು. ಇದಕ್ಕೆ 1954ರಿಂದ ಆರ್.ಐ.ಎ.ಎ. ಎಂಬ ಅಳತೆಗೋಲಿದೆ. ಈ ಎರಡು ಕೆಲಸವನ್ನೂ ಮಾಡುವ 'ಫೋನೋ' ಎಂಬ ತೂತು ಹಳೆಯ ಆಂಪ್ಲಿಫೈಯರುಗಳಲ್ಲಿ ಸಾಧಾರಣವಾಗಿ ಇರುತ್ತಿತ್ತು. ಹೊಸ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಉಂಟು, ಕೆಲವಕ್ಕಿಲ್ಲ. ಅದಿಲ್ಲದ ಕಡೆ ತಟ್ಟೆಯ ಯಂತ್ರವನ್ನು ನೇರವಾಗಿ ಹಚ್ಚಿದರೆ, ಬಾವಿಯ ತಳದಿಂದ ಯಾರೋ ಸಣ್ಣ ದನಿಯಲ್ಲಿ ಹಾಡಿದಂತಿರುತ್ತದೆ. ಆಗ ಫೋನೋ ಪ್ರೀಆಂಪ್ ಎಂಬ ಸಣ್ಣ ಡಬ್ಬಿಯನ್ನು ಬೇರೆ ಕೊಳ್ಳಬೇಕು. ಅದರ ಬೆಲೆಯನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕೆಲವು ತಟ್ಟೆಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ; ಬೆನ್ನಿನ ಮೇಲೆ ಸ್ವಿಚ್ಚು ಇದೆಯೇ ನೋಡಿ.

ವಯಸ್ಸಾದ ಕಿವಿ

ಇನ್ನು ಅವ್ವನ ಮಾತಿಗೆ ಬರುತ್ತೇನೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ನಾದಗಳನ್ನು. ಅ, ಆ, ಓ ಎಂಬ ಸ್ವರಗಳ ಬಲವೆಲ್ಲ ಕೆಳಗಿನ ನಾದದಲ್ಲಿದೆ. ಸ, ಶ, ತ, ಚ ಮುಂತಾದ ವ್ಯಂಜನಗಳ ಗುರುತು ಸಿಗುವುದು ಮೇಲಿನ ನಾದದಿಂದ. ಆದ್ದರಿಂದಲೇ ಹಿರಿಯರು "ಕೇಳಸ್ತದ, ತಿಳಿಯೂದಿಲ್ಲ" ಎನ್ನುವುದು. ನಾವು ಏನು ಮಾಡುತ್ತೇವೆ? ಧ್ವನಿ ಏರಿಸುತ್ತೇವೆ. ಸಪ್ಪಳ ಹೆಚ್ಚಾಗುತ್ತದೆ, ಶಬ್ದ ತಿಳಿಯುವುದಿಲ್ಲ. ಮಾಡಬೇಕಾದದ್ದು ಬೇಸ್ ಗುಂಡಿಯನ್ನು ಸ್ವಲ್ಪ ತಗ್ಗಿಸಿ ಟ್ರೆಬಲ್ ಗುಂಡಿಯನ್ನು ಸ್ವಲ್ಪ ಏರಿಸುವುದು.

ಈ ಗುಂಡಿಗಳೇ ಇಲ್ಲದ ಆಂಪ್ಲಿಫೈಯರುಗಳೂ ಉಂಟು. ಹಾಡಿನ ಶುದ್ಧತೆಗೆ ಭಂಗ ಬರಬಾರದೆಂದು ರಸಿಕರು ಅವನ್ನು ಮೆಚ್ಚುತ್ತಾರೆ. ಮೆಚ್ಚಲಿ. ಮನೆಯಲ್ಲಿ ಎಪ್ಪತ್ತರ ಹಿರಿಯರಿದ್ದವರು ಬೇಸ್, ಟ್ರೆಬಲ್, ಬ್ಯಾಲೆನ್ಸ್ ಮೂರೂ ಇರುವುದನ್ನೇ ಆರಿಸಿಕೊಳ್ಳಬೇಕು. ಒಂದು ಕಿವಿ ಮಂದವಾದವರಿಗೆ ಬ್ಯಾಲೆನ್ಸ್ ಗುಂಡಿ ಬಲು ಉಪಕಾರಿ. ಸ್ಪೀಕರುಗಳನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ಮಂದ್ರದ ನಾದ ಉಬ್ಬಿ ಮಾತನ್ನು ಮುಚ್ಚಿಬಿಡುತ್ತದೆ. ಮೂಲೆಯಿಂದ ಒಂದಡಿ ಈಚೆಗೆ ತಂದು ನೋಡಿ. ಇದಕ್ಕೆ ಕಾಸು ಖರ್ಚಿಲ್ಲ.

ಅಂಗಡಿಯಲ್ಲಿ

ಹರಕೇಶ್ ನಗರ ಓಖ್ಲಾದಲ್ಲಿ ಮೆಟ್ರೋ ಹತ್ತಿದರೆ ಬದಲಾಯಿಸದೆ ಲಾಲ್ ಕಿಲಾದಲ್ಲಿ ಇಳಿಯಬಹುದು. ಹಳೆಯ ಲಾಜಪತ ರಾಯ್ ಮಾರ್ಕೆಟ್ಟು ಅಲ್ಲಿಂದ ಕೂಗಳತೆ. ಹೋಗುವಾಗ ನಿಮ್ಮ ಪರಿಚಯದ ಹಾಡನ್ನೇ ಒಯ್ಯಿರಿ. ಅಂಗಡಿಯವರು ಹಾಕುವುದು ಧಮಧಮ ಎನ್ನುವಂಥದ್ದು; ಅದರಲ್ಲಿ ಕತ್ತೆಯೂ ಕುದುರೆಯಾಗುತ್ತದೆ. ಒಬ್ಬರೇ ಹಾಡಿದ ಹಾಡನ್ನು, ಮನೆಯಲ್ಲಿ ಕೇಳುವಷ್ಟೇ ಸಣ್ಣ ಧ್ವನಿಯಲ್ಲಿ ಹಾಕಿಸಿ, ಪದ ಪದವೂ ತಿಳಿಯುತ್ತದೆಯೇ ಎಂದು ನೋಡಿ. ಎರಡು ಪೆಟ್ಟಿಗೆ ಹೋಲಿಸುವಾಗ ಎರಡರ ಧ್ವನಿಯನ್ನೂ ಸಮ ಮಾಡಿಸಿ. ಕೊಂಚ ಜೋರಾದದ್ದೇ ಚೆಂದವೆನಿಸುವುದು ಕಿವಿಯ ಸ್ವಭಾವ. ಹಾಡು ನಿಲ್ಲಿಸಿ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದಾಗ ಗುಂಯ್ ಎಂಬ ನಾದ ದೊಡ್ಡದಾಗಿ ಬಂದರೆ ಮುಂದಿನ ಪೆಟ್ಟಿಗೆಗೆ ಹೋಗಿ.

ಹಳೆಯ ಜಪಾನೀ ಸಾಮಾನು ಅಗ್ಗಕ್ಕೆ ಸಿಕ್ಕರೆ ಬೆನ್ನು ನೋಡದೆ ಕೊಳ್ಳಬೇಡಿ. ಆ ದೇಶದಲ್ಲಿ ಮನೆಯ ವಿದ್ಯುತ್ತು 100 ವೋಲ್ಟು, ನಮ್ಮದು 230. ಯಮಹಾ, ಡೆನಾನ್, ಮಾರಾಂಟ್ಸ್ ಮುಂತಾದ ಹೊರಗಿನ ಹೆಸರುಗಳಲ್ಲಿ ಯಾವುದೇ ಆಗಲಿ, ದಿಲ್ಲಿಯಲ್ಲಿ ಸರ್ವಿಸ್ ಸೆಂಟರು ಎಲ್ಲಿದೆ ಎಂದು ಕೇಳಿ, ಸರಿಯಾದ ಬಿಲ್ಲು ಪಡೆಯಿರಿ. ನಾವು ಹಾಕಿಕೊಂಡ ಗೆರೆ 20,000 ರೂಪಾಯಿ. ಗೆಜೆಟೆಡ್ ಅಲ್ಲದ ನಮ್ಮಂಥವರಿಗೆ ಹಬ್ಬದ ಮುಂದೆ ಬರುವ 30 ದಿನದ ಬೋನಸು 6,908 ರೂಪಾಯಿ. ಹೋದ ವರ್ಷದ್ದು ಬ್ಯಾಂಕಿನಲ್ಲಿತ್ತು; ಉಳಿದದ್ದು ಮಗನ ಸೈಕಲ್ಲಿಗೆಂದು ಕೂಡಿಟ್ಟದ್ದು. ಸೈಕಲ್ಲು ದೀಪಾವಳಿಗೆ ಎಂದದ್ದಕ್ಕೆ ಅವನು ಒಪ್ಪಿದ. ಫೋನೋ ತೂತು, ಮೂರು ಗುಂಡಿ, ಕೈಗೆ ತುಂಬುವಂಥ ದೊಡ್ಡ ಧ್ವನಿಗುಂಡಿ ಎಲ್ಲವೂ ಇರುವ ಪೆಟ್ಟಿಗೆ ಗೆರೆಯೊಳಗೇ ಸಿಕ್ಕಿತು. ಹೆಸರು ಹೇಳಿದರೆ ಜಾಹೀರಾತಾಗುತ್ತದೆ. ಬೇಕಾದವರು ಮನೆಗೇ ಬಂದು ನೋಡಬಹುದು.

ತಂದ ಮೇಲೆ ನಾಲ್ಕು ಕೆಲಸ. ಪೆಟ್ಟಿಗೆಯ ಮೇಲೆ ನಾಲ್ಕು ಬೆರಳಿಗಿಂತ ಕಡಿಮೆಯಿಲ್ಲದ ಜಾಗ ಬಿಡಿ, ಗಾಳಿಯಾಡಲಿ. ಚೆಂದಕ್ಕೆಂದು ಕಸೂತಿ ಬಟ್ಟೆ ಹೊದಿಸಬೇಡಿ, ಅದಕ್ಕೆ ಚಳಿಯಿಲ್ಲ. ತಟ್ಟೆಯಂತ್ರದ ಸಣ್ಣ ಅರ್ತ್ ತಂತಿಯನ್ನು ಹಿಂದಿನ ತಿರುಪಿಗೆ ಬಿಗಿಯಿರಿ; ಇಲ್ಲದಿದ್ದರೆ ಗುಂಯ್ ಎನ್ನುತ್ತದೆ. ಸತ್ತ ಪೆಟ್ಟಿಗೆಯನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕಸದ ಗುಡ್ಡದ ವಿಷಯವನ್ನು ಓಖ್ಲಾದವನು ಬೇರೆಯವರಿಂದ ಕೇಳಿ ತಿಳಿಯಬೇಕಾದ್ದಿಲ್ಲ.

ಕೊನೆಯ ಕೆಲಸವನ್ನು ಮಾಡಿದವನು ನಮ್ಮ ಮಗ. ಅವನು ಓದುವ ಶಾಲೆಯಲ್ಲಿ ಕನ್ನಡವಿಲ್ಲ. ಪೆಟ್ಟಿಗೆಯ ಮೇಲಿನ ಇಂಗ್ಲಿಷು ಅಜ್ಜಿಗೆ ಓದಲು ಬಾರದೆಂದು, ಅಜ್ಜಿಯಿಂದಲೇ ಅಕ್ಷರ ತಿದ್ದಿಸಿಕೊಂಡು, ಚೀಟಿಗಳ ಮೇಲೆ 'ತಟ್ಟೆ', 'ರೇಡಿಯೊ' ಎಂದು ಬರೆದು ಗುಂಡಿಗಳ ಪಕ್ಕಕ್ಕೆ ಅಂಟಿಸಿದ್ದಾನೆ. ಧ್ವನಿ ಎಲ್ಲಿಗೆ ನಿಲ್ಲಬೇಕೋ ಅಲ್ಲಿ ಅವನ ತಾಯಿ ಉಗುರುಬಣ್ಣದಿಂದ ಕುಂಕುಮದಂತೆ ಒಂದು ಬೊಟ್ಟು ಇಟ್ಟಿದ್ದಾಳೆ. ಅವ್ವ ಅದನ್ನು ದಾಟಿ ತಿರುಗಿಸುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ, ಚಳಿಗಾಲ ಬರುವುದರೊಳಗೆ, ಕೋಣೆ ಬಿಸಿಮಾಡುವ ಹೀಟರಿನ ವಿಷಯ. ಬೇರೆ ಯಾವ ಸಾಮಾನಿನ ಬಗ್ಗೆ ಬರೆಯಬೇಕೆಂದು ವಾಚಕರು ಎಂದಿನಂತೆ ಸಂಘದ ಕಚೇರಿಗೆ ತಿಳಿಸಬೇಕಾಗಿ ವಿನಂತಿ.